ನೆಫ್ರೋಟಿಕ್ ಮಗುವಿನ ಮನೆಯಲ್ಲಿ ರಕ್ತ ಹೆಪ್ಪುಗಟ್ಟುವುದರ ಮೇಲೂ ಕಣ್ಣಿರಲಿ

ಮಗುವಿಗೆ ನೆಫ್ರೋಟಿಕ್ ಸಿಂಡ್ರೋಮ್ (ಕಿಡ್ನಿಯಿಂದ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಾಯಿಲೆ) ಅಂದ ತಕ್ಷಣ ಎಲ್ಲರೂ ಊತ ನೋಡುತ್ತಾರೆ, ಉಪ್ಪು ಕಡಿಮೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟುವ ಮಾತು ಬರುವುದೇ ಇಲ್ಲ. ಇದು ಆಗುವುದು ಸುಮಾರು ನೂರಕ್ಕೆ 3 ಮಕ್ಕಳಿಗೆ, ಆದರೆ ಆದಾಗ ಕಾಯುವಷ್ಟು ಹೊತ್ತಿರುವುದಿಲ್ಲ.

ಮೂತ್ರದಲ್ಲಿ ಸೋರುವುದು ಅಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಒಂದೇ ಅಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಕೂಡ ಹೋಗುತ್ತದೆ, ಅತ್ತ ಲಿವರ್ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಅನ್ನು ಜಾಸ್ತಿ ಮಾಡುತ್ತಾ ಕೂರುತ್ತದೆ. ರಕ್ತದ ನೀರಿನಂಶ ನಾಳದಿಂದ ಹೊರಗೆ ಬಂದು ಕಣ್ಣು, ಕಾಲಲ್ಲಿ ನಿಲ್ಲುತ್ತದೆ. ಅಂದರೆ ಮಗು ಊದಿಕೊಂಡಿದ್ದರೂ ಒಳಗಿನ ರಕ್ತ ಮಂದವಾಗಿರಬಹುದು. ಹಾಗಾಗಿ ಹಿಂದಿನ ಸಲ ಉಳಿದ, ನೀರು ಹೊರಹಾಕುವ ಊತದ ಮಾತ್ರೆಯನ್ನು ನೀವೇ ಕೊಡಬೇಡಿ. ವಾಂತಿ ಭೇದಿ ಶುರುವಾದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ, ನೀರು ಎಷ್ಟು ಕೊಡಬೇಕು ಅಂತ ಅವರನ್ನೇ ಕೇಳಿ.

ಬೆಳಗಿನ ಮೂತ್ರವನ್ನು ಪ್ರೋಟೀನ್ ತೋರಿಸುವ ಸ್ಟ್ರಿಪ್‌ನಲ್ಲಿ ನೋಡಿ ಪುಸ್ತಕದಲ್ಲಿ ಬರೆಯಿರಿ. ಸತತ 3 ದಿನ 3+ ಬಂದರೆ ರಿಲ್ಯಾಪ್ಸ್, ಅಂದರೆ ಕಾಯಿಲೆ ಮರುಕಳಿಸಿದೆ. ಅಪಾಯ ಹೆಚ್ಚಿರುವುದು ಇಂಥ ದಿನಗಳಲ್ಲೇ, ಅದರಲ್ಲೂ ರಕ್ತದ ಅಲ್ಬುಮಿನ್ 2 g/dLಗಿಂತ ಕೆಳಗಿದ್ದರೆ, ಮಗುವಿಗೆ 12 ವರ್ಷ ದಾಟಿದ್ದರೆ. ಪಾಪ ಸುಸ್ತಾಗಿದೆ ಅಂತ ದಿನಪೂರ್ತಿ ಮಲಗಿಸಬೇಡಿ, ಅಪಾರ್ಟ್‌ಮೆಂಟಿನ ಕಾರಿಡಾರ್‌ನಲ್ಲಾದರೂ ಓಡಾಡಲಿ.

ಕಾಲು ನೋಡುವುದು ಸುಲಭ. ನೆಫ್ರೋಟಿಕ್ ಊತ ಸಾಮಾನ್ಯವಾಗಿ ಎರಡೂ ಕಾಲಲ್ಲಿ ಒಂದೇ ಸಮ ಇರುತ್ತದೆ. ಟೈಲರ್ ಟೇಪ್ ತಗೊಂಡು ಎರಡೂ ಮೀನಖಂಡವನ್ನು ಮಂಡಿಯಿಂದ ಒಂದೇ ಅಂತರದಲ್ಲಿ ಅಳೆಯಿರಿ. ಒಂದೇ ಕಾಲು ದಪ್ಪ, ನೋವು, ಬಿಸಿ ಇದ್ದರೆ ಅಜ್ಜಿ ಎಣ್ಣೆ ಹಚ್ಚಿ ನೀವುವುದಕ್ಕೆ ಬಿಡಬೇಡಿ, ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಸೊಂಟದ ಪಕ್ಕ ನೋವಿನ ಜೊತೆ ಮೂತ್ರ ಕೆಂಪಾದರೆ ಕಿಡ್ನಿಯ ನಾಳದಲ್ಲಿ ಹೆಪ್ಪುಗಟ್ಟಿರಬಹುದು. ಬಿಡದ ತಲೆನೋವು, ವಾಂತಿ, ಮಂಪರು, ಫಿಟ್ಸ್ ಬಂದರೆ ಮೆದುಳಿನಲ್ಲಿ. ಉಸಿರು ಕಟ್ಟಿದರೆ, ಎದೆ ನೋವು ಅಂದರೆ ಶ್ವಾಸಕೋಶದಲ್ಲಿ.

ಇವುಗಳಲ್ಲಿ ಯಾವುದಕ್ಕೂ ಬೆಳಗಿನ ಓಪಿಡಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸಂಜೆ ಸಿಲ್ಕ್ ಬೋರ್ಡ್ ದಾಟಿಕೊಂಡು ನಿಮ್ಮ ಮಾಮೂಲಿ ಡಾಕ್ಟರ್ ಹತ್ತಿರವೇ ಹೋಗಬೇಕು ಅಂತ ಹಟ ಬೇಡ, ಮಕ್ಕಳ ಎಮರ್ಜೆನ್ಸಿ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ನೋಡಿಟ್ಟುಕೊಳ್ಳಿ. ಕ್ಯಾಶುವಾಲ್ಟಿಯಲ್ಲಿ ಮೊದಲ ಮಾತೇ 'ನೆಫ್ರೋಟಿಕ್ ಮಗು, ರಿಲ್ಯಾಪ್ಸ್ ಇದೆ, ಹೆಪ್ಪುಗಟ್ಟಿದೆಯಾ ನೋಡಿ' ಅಂತ ಇರಲಿ. ಫೈಲ್, ಕೊನೆಯ ಅಲ್ಬುಮಿನ್ ರಿಪೋರ್ಟ್ ಕೈಯಲ್ಲಿರಲಿ. ತೊಡೆಸಂದಿಯಲ್ಲಿ ಸೂಜಿ ಅಥವಾ ಲೈನ್ ಹಾಕುವ ಮಾತು ಬಂದರೆ, ಅಲ್ಲಿ ಹೆಪ್ಪುಗಟ್ಟಬಹುದು, ಬೇರೆ ಕಡೆ ಆಗುತ್ತಾ ಅಂತ ಕೇಳಿ, ಸಂಕೋಚ ಬೇಡ. ಹೆಪ್ಪು ಇದೆ ಅಂತ ಗೊತ್ತಾದರೆ ಅದು ಬೆಳೆಯದಂತೆ ತಡೆಯುವ ಹೆಪಾರಿನ್ ಔಷಧಿ ಶುರು ಮಾಡುತ್ತಾರೆ. ಸುಮ್ನೆ ಮುಂಜಾಗ್ರತೆ ಅಂತ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ, ತಲೆನೋವಿಗೆ ಐಬುಪ್ರೊಫೇನ್ ಕೂಡ ಬೇಡ, ಅದು ಕಿಡ್ನಿಗೇ ಹೊಡೆತ.