21ನೇ ಕಾಲು ಎತ್ತಿದೆ, ಫ್ಯಾಮಿಕಾಮ್‌ನ ಗೆರೆ ಹೋಯ್ತು

ಹೋದ ಭಾನುವಾರ ಸಂಜೆ ಸರಸ್ವತಿಪುರಂ ಮನೆಯ ಹಳೇ ಡಬ್ಬಾ ಟೀವಿಯಲ್ಲಿ, ಜಪಾನಿನ ಫ್ಯಾಮಿಕಾಮ್ ವಿಡಿಯೋ ಗೇಮ್ ಪೆಟ್ಟಿಗೆಯಿಂದ, ಮಾರಿಯೋ ಓಡಿದ. ನೀಲಿ ಆಕಾಶದ ಮೇಲೆ ಒಂದೇ ಒಂದು ಉದ್ದಗೆರೆ ಇಲ್ಲ. "ಆಯ್ಕಿಲ್ಲ ಬುಡಣ್ಣ, ಐಸಿ ಕಾಲು ಮುರ್ದೋಯ್ತದೆ, ನಕಲಿ ಬೋರ್ಡ್ ಹಾಕ್ಕೊಂಡು ಆಡು" ಅಂತ ನಾಲ್ಕು ತಿಂಗಳಿಂದ ಹೇಳುತ್ತಿದ್ದ ಮಂಡ್ಯದ ಗೆಳೆಯನಿಗೆ ಆಗಲೇ ವಿಡಿಯೋ ಕಳಿಸಿದೆ. ಅವನ ಪೆಟ್ಟಿಗೆಯೂ ಇದೇ ಗೆರೆ ಕಾಯಿಲೆಯಿಂದ ಬೀರು ಸೇರಿದೆ.

ನಾವು ಚಿಕ್ಕವರಿದ್ದಾಗ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದ್ದೆಲ್ಲ ಇದರ ನಕಲು. ಇದು ಅಸಲಿ. 1983ರ ಜುಲೈನಲ್ಲಿ ನಿಂಟೆಂಡೊ 14,800 ಯೆನ್‌ಗೆ ಬಿಟ್ಟ, ಮಸಾಯುಕಿ ಉಯೆಮುರಾ ರೂಪಿಸಿದ ಕೆಂಪು-ಬಿಳಿ ಪೆಟ್ಟಿಗೆ. ಜಪಾನಿಗೆ ಹೋಗಿದ್ದ ಭಾವ ತಂದುಕೊಟ್ಟರು, ಸುಮಾರು ಆರು ಸಾವಿರ ಬಿತ್ತು.

ಮೊದಲ ದಿನವೇ ಪೆಟ್ಟು. ಜೊತೆಗೆ ಬಂದಿದ್ದ ಅಡಾಪ್ಟರ್ 100 ವೋಲ್ಟಿನದು. ಅವಸರದಲ್ಲಿ ನಮ್ಮ 230ಕ್ಕೆ ಸಿಕ್ಕಿಸಿದೆ. ಸುಟ್ಟ ವಾರ್ನಿಷ್ ವಾಸನೆ ಎರಡು ದಿನ ಕೋಣೆ ಬಿಡಲಿಲ್ಲ. ಪುಣ್ಯಕ್ಕೆ ಒಳಗಿನ ಬೋರ್ಡ್ ಉಳಿಯಿತು. 9 ವೋಲ್ಟಿನದೊಂದು ತಂದು, ಇದಕ್ಕೆ ಪಿನ್ನಿನ ನಡುವೆ ಮೈನಸ್ ಬೇಕಾದ್ದರಿಂದ ವೈರ್ ಕತ್ತರಿಸಿ ತಿರುಗಿಸಿ ಬೆಸೆದೆ.

ಜಪಾನಿನ ಆರ್‌ಎಫ್ (ಆಂಟೆನಾ ತೂತಿಗೆ ಹೋಗುವ ಸಿಗ್ನಲ್) ನಮ್ಮ ಟೀವಿಗೆ ಕೂಡಲ್ಲ, ಹಾಗಾಗಿ ಎವಿ (ಟೀವಿಯ ಹಳದಿ ತೂತಿಗೆ ಹೋಗುವ ಚಿತ್ರ) ತೆಗೆಯಲೇಬೇಕು. ಚಿತ್ರ ಕೊಡುವ ಐಸಿಯ (ಚಿಪ್‌ನ) 21ನೇ ಕಾಲಿನಿಂದ, ಅಂದರೆ ಚಿತ್ರದ ಸಿಗ್ನಲ್ ಹೊರಬರುವ ಕಡೆಯಿಂದ, ನೇರ ವೈರ್ ಎಳೆದೆ: ಮಂಕು ಮಂಕು. ಸಿಗ್ನಲ್ಲಿಗೆ ಬಲ ಕೊಡಲು 2ಎನ್3906 ಟ್ರಾನ್ಸಿಸ್ಟರ್ ಹಾಕಿದೆ: ಚಿತ್ರ ನಿಂತಿತು, ಬಣ್ಣ ಇಲ್ಲ. ನನ್ನ ಟೀವಿ ಬರೀ ಪಾಲ್, ಇದು ಎನ್‌ಟಿಎಸ್‌ಸಿ, ಬಣ್ಣ ಕಳಿಸುವ ಎರಡು ಬೇರೆ ಪದ್ಧತಿ. ಗುಜರಿಯಲ್ಲಿ ಎರಡೂ ಹಿಡಿಯುವ ಟೀವಿ ಎಂಟುನೂರಕ್ಕೆ ಸಿಕ್ಕಿತು. ಬಣ್ಣ ಬಂತು, ಜೊತೆಗೆ ಜೈಲಿನ ಸರಳಿನಂಥ ಗೆರೆಗಳೂ ಬಂದವು. ಕೆಪಾಸಿಟರ್ ಎಲ್ಲ ಬದಲಿಸಿದೆ, ವೋಲ್ಟೇಜನ್ನು ಐದಕ್ಕೆ ಇಳಿಸುವ 7805 ಬದಲಿಸಿದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಎರಡು ಸಲ ಹೋಗಿ ಬಸ್ ಚಾರ್ಜೂ ಸೇರಿ ಸಾವಿರದೈನೂರು ಕಳೆದೆ. ಗೆರೆ ಅಲ್ಲಾಡಲಿಲ್ಲ.

ಬೋರ್ಡ್ ತಿರುಗಿಸಿ ಟ್ರ್ಯಾಕ್ ನೋಡುತ್ತ ಕೂತಾಗ ಹೊಳೆಯಿತು: ಚಿತ್ರದ ಸಿಗ್ನಲ್ಲಿಗೆ ಗಲಾಟೆ ಹತ್ತುವುದು ಹೆಚ್ಚಾಗಿ ಐಸಿ ಒಳಗಲ್ಲ, ಕಾಲಿನಿಂದ ಮುಂದೆ ಬೋರ್ಡ್ ಮೇಲೆ, ಡಿಜಿಟಲ್ ಲೈನುಗಳ ಪಕ್ಕ ಓಡುವಾಗ. ಹಾಗಾದರೆ ಕಾಲನ್ನೇ ಬೋರ್ಡಿನಿಂದ ಬಿಡಿಸಬೇಕು. 40 ಕಾಲಿನ ಐಸಿ, ಅದೃಷ್ಟಕ್ಕೆ 21 ಮೂಲೆಯಲ್ಲೇ ಇದೆ. ಮೊದಲು ಹೊಸ ಸೀಸ ಹಚ್ಚಿ ಹಳೆಯದನ್ನು ಮೆದು ಮಾಡಿದೆ, ಆಮೇಲೆ ವಿಕ್‌ನಲ್ಲಿ (ಸೀಸ ಹೀರುವ ತಾಮ್ರದ ಜಾಲರಿ ಪಟ್ಟಿ) ಹೀರಿಸಿದೆ. ತೂತಿನಲ್ಲಿ ಕಾಲು ಸಡಿಲವಾಗಿ ಅಲ್ಲಾಡುವವರೆಗೂ ಎತ್ತಲಿಲ್ಲ. ಚಿಮಟದಲ್ಲಿ ತೂತಿನಿಂದ ಹೊರಬರುವಷ್ಟೇ ಎತ್ತಿದೆ, ಒಂದೇ ಸಲ. ಹಿಂದೆ ಮುಂದೆ ಬಗ್ಗಿಸಿದರೆ ಬುಡದಲ್ಲೇ ಹೋಗುತ್ತೆ. ಎರಡಿಂಚು ಶೀಲ್ಡ್ ವೈರ್, ಅದರ ತುದಿಗೆ ಟ್ರಾನ್ಸಿಸ್ಟರ್. ಅರ್ಥ್ ಎಲ್ಲಿಗೆ ಕೊಟ್ಟೆ, ರೆಸಿಸ್ಟರ್ ಎಷ್ಟರದು ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ಇಷ್ಟು ಶುದ್ಧ ಚಿತ್ರ ನಮ್ಮ ಬಳಗದಲ್ಲಿ ಯಾರ ಪೆಟ್ಟಿಗೆಯಲ್ಲೂ ನಾನು ನೋಡಿಲ್ಲ.

ಅದೇ ಹುರುಪಿನಲ್ಲಿ ಅಟ್ಟದ ಮೇಲಿದ್ದ ನಕಲಿ ಕ್ಯಾಸೆಟ್ ಇಳಿಸಿದೆ. ಅದೂ 60 ಪಿನ್ನಿನದೇ, ಸರಿಯಾಗಿ ಕೂತು ಓಡಿತು. ಎರಡನೇ ರಿಮೋಟಿನಲ್ಲಿ ಸ್ಟಾರ್ಟ್ ಗುಂಡಿ ಇಲ್ಲ, ಬದಲಿಗೆ ಮೈಕ್ ಇದೆ. ಮಗಳು "ಅಪ್ಪಾ" ಅಂತ ಕೂಗಿದ್ದು ಟೀವಿಯೊಳಗಿಂದ ಕೇಳಿತು.

ಟೀವಿ, ಸುಟ್ಟದ್ದು, ಬಸ್ಸು ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ. ಮಂಡ್ಯದವನು ಬರುವ ಭಾನುವಾರ ತನ್ನ ಪೆಟ್ಟಿಗೆ ತರ್ತಾನಂತೆ. ಅಷ್ಟರಲ್ಲಿ ಬೆಸೆಯುವ ಐರನ್‌ಗೆ ಹೊಸ ಬಿಟ್ ತಂದಿಡಬೇಕು.