ಹೊರಗೆ ಮಾತಿಲ್ಲ, ಎಲ್ಲ ಇಲ್ಲೇ

ಗದಗದ ನಮ್ಮ ಚಿಕ್ಕ ಕ್ಲಿನಿಕ್ಕಿನಲ್ಲಿ ಎರಡು ವರ್ಷದಿಂದ ‘ಓಪನ್ ಡೈಲಾಗ್’ ಮಾದರಿಯಲ್ಲಿ ಕೆಲಸ ಮಾಡುತ್ತಿದ್ದೇವೆ. ಮಾನಸಿಕ ಕಾಯಿಲೆಗೆ ಪೇಷಂಟ್, ಮನೆಯವರು, ಸ್ಟಾಫ್ ಎಲ್ಲ ಒಂದೇ ಮೀಟಿಂಗಿನಲ್ಲಿ ಕೂತು ಮಾತಾಡಿ ಚಿಕಿತ್ಸೆ ನಡೆಸುವ ಪದ್ಧತಿ ಇದು; 1980ರ ದಶಕದಲ್ಲಿ ಫಿನ್ಲೆಂಡಿನ ಟೋರ್ನಿಯೊದಲ್ಲಿ ಬೆಳೆದದ್ದು. “ಅದು ಗದಗಿನಾಗ ಎಲ್ಲಿ ನಡೀತೈತ್ರಿ” ಎಂದು ನಕ್ಕವರೇ ಈಗ ಕೇಸು ಕಳಿಸುತ್ತಾರೆ.

ಮನೆಯವರನ್ನು ಸೇರಿಸುವುದು ನಮ್ಮಲ್ಲಿ ಕಷ್ಟವೇ ಅಲ್ಲ. ಒಬ್ಬರಿಗೆ ಆರಾಮಿಲ್ಲ ಅಂದ್ರೆ ನಾಲ್ಕು ಜನ ಟಂಟಂ ಹತ್ತಿ ಬರುತ್ತಾರೆ. ಕಷ್ಟವಾಗಿದ್ದು ಸ್ಟಾಫ್ ಬಾಯಿ ಬಿಡಿಸುವುದು. ಪೇಷಂಟ್ ಬಗ್ಗೆ ಏನೇ ಅನ್ನಿಸಿದರೂ ಅವರ ಎದುರಿಗೇ ಆಡಬೇಕು. “ಡಾಕ್ಟರ್ ಇದ್ದಾಗ ನಾ ಯಾಕ ಮಾತಾಡ್ಲಿ?” ಅಂತ ಸಿಸ್ಟರ್ ತಿಂಗಳುಗಟ್ಟಲೆ ಸುಮ್ನೆ ಕೂತರು.

ಮನೆಯವರಿಗೂ ಸಿಟ್ಟು. “ರೊಕ್ಕ ಕೊಟ್ಟು ಹರಟಿ ಹೊಡ್ಯಾಕ ಬಂದೇವೇನ್ರಿ? ಇಂಜೆಕ್ಷನ್ ಮಾಡ್ರಿ.” ಶುರುವಿನಲ್ಲಿ ಅರ್ಧಕ್ಕರ್ಧ ಜನ ತಿರುಗಿ ಬರಲೇ ಇಲ್ಲ. ಒಂದು ಮೀಟಿಂಗ್ ಅಂದ್ರೆ ತಾಸಿಗಿಂತ ಜಾಸ್ತಿ. ಅಷ್ಟರಲ್ಲಿ ಓಪಿಡಿಯಲ್ಲಿ ಎಂಟು-ಹತ್ತು ಜನ ಮುಗಿಯುತ್ತಿದ್ದರು. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ಖೋತಾ. ಓಪಿಡಿ ಖಾಲಿ ಇರುವ ಮಧ್ಯಾಹ್ನಕ್ಕೆ ಮೀಟಿಂಗ್ ತಳ್ಳಿದ ಮೇಲೆ ಲೆಕ್ಕ ಸರಿಹೋಯಿತು.

ಒಬ್ಬ ಹುಡುಗನಿಗೆ ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂಬ ಸಂಶಯ. ಮಾತ್ರೆ ಉಗುಳುತ್ತಿದ್ದ. ಅವತ್ತು ಸಿಸ್ಟರ್ ನನ್ನ ಕಡೆ ತಿರುಗಿ, “ಅವ್ವ ಮಾತಾಡೂಮುಂದ ಈ ತಮ್ಮ ಟಾವೆಲ್ ಎಳಿ ಕೀಳಾಕತ್ತಿದ್ದ. ಯಾಕೋ ನನಗ ಕಳವಳ ಆತು” ಅಂದರು. ಹುಡುಗ ತಲೆ ಎತ್ತಿದ. “ಹೊರಗ ಹೋಗಿ ಏನ್ ಮಾತಾಡ್ತೀರಿ?” “ಹೊರಗ ಏನೂ ಇಲ್ಲಪ್ಪಾ. ಎಲ್ಲಾ ಇಲ್ಲೇ.” ಮುಂದಿನ ಸಲ ಅವನೇ ಮಾತ್ರೆಯ ಹೆಸರು ಕೇಳಿದ. ಮಾತ್ರೆಯನ್ನೇನೂ ನಿಲ್ಲಿಸಿಲ್ಲ. ಎಷ್ಟು, ಯಾಕೆ ಅನ್ನೋ ಚರ್ಚೆಯೂ ಅವನ ಎದುರಿಗೇ ನಡೆಯಿತು, ಅಷ್ಟೇ.

ಗೋವಾದಲ್ಲಿ ದುಡಿಯುವ ಅಣ್ಣಂದಿರನ್ನು ಫೋನಿನಲ್ಲಿ ಸೇರಿಸಿಯೂ ನೋಡಿದೆ. ವಿಡಿಯೊ ಬೇಡ. ಎಲ್ಲರೂ ತಮ್ಮ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಸ್ಪೀಕರ್ ಹಾಕಿ, ಫೋನಿಗೂ ಒಂದು ಖುರ್ಚಿ ಕೊಡಿ. ಮಾತೆಲ್ಲ ತಾನೇ ಆಡುವ ದೊಡ್ಡಪ್ಪ ಪ್ರತಿ ಮನೆಯಲ್ಲೂ ಇರುತ್ತಾನೆ, ಅಲ್ವಾ? ಅವನಿಗೆ ನನ್ನ ಹತ್ತಿರ ಬೇರೆ ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಟೋರ್ನಿಯೊದವರ 24 ಗಂಟೆಯೊಳಗಿನ ಮೊದಲ ಭೇಟಿ ನಮಗೆ ಆಗದ ಮಾತು. ನಮ್ಮದು ಮೂರು ದಿನ. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿನಲ್ಲಿ ವಾರವೂ ಆಗುತ್ತದೆ.

ಮೀಟಿಂಗ್ ಇದ್ದ ದಿನ ಸಿಸ್ಟರಿಗೆ ನೂರು ರೂಪಾಯಿ ಜಾಸ್ತಿ ಕೊಡುತ್ತೇವೆ. ಈಗ ಇನ್ನೂರು ಕೇಳುತ್ತಿದ್ದಾರೆ. ಕೊಡಲೇಬೇಕು.