ಫ್ರಾನ್ಸಿನ ‘ಭೀತಿಯ ಆಳ್ವಿಕೆ’ಗೆ ಕಾರಣ ಹುಡುಕುವ ಬಗೆ: ಓದುಬಳಗಗಳಿಗೊಂದು ಕೈಪಿಡಿ

‘ಭೀತಿಯ ಆಳ್ವಿಕೆ’ ಎಂದರೆ ಫ್ರೆಂಚ್ ಕ್ರಾಂತಿಯ ಹೆಸರಿನಲ್ಲಿ ಸಾವಿರಾರು ಜನರನ್ನು ಕೊಂದ, 1793-94ರ ಸುತ್ತಲಿನ ಕಾಲ. ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಗ್ರಂಥಾಲಯಗಳಲ್ಲಿ ಫ್ರೆಂಚ್ ಕ್ರಾಂತಿಯ ಬಗ್ಗೆ ಚರ್ಚೆ ಇಟ್ಟರೆ ಮಾತು ಬೇಗನೆ ತಲೆ ಕಡಿಯುವ ಯಂತ್ರ ಗಿಲೊಟಿನ್‌ಗೆ ಬಂದು ಅಲ್ಲೇ ಕೂರುತ್ತದೆ. ಒಬ್ಬರಿಗೆ ಹಸಿವೇ ಕಾರಣ, ಇನ್ನೊಬ್ಬರಿಗೆ ಕ್ರಾಂತಿಯ ಮುಖಂಡ ರೋಬ್ಸ್‌ಪಿಯರ್. ‘ಕ್ರಾಂತಿ ಅಂದರೇ ಹಾಗೆ’ ಎಂದು ಮುಗಿಸುವವರೂ ಇರುತ್ತಾರೆ. ಹೀಗಾಗಬಾರದೆಂದರೆ ಕಾರಣದ ಮಾತನ್ನು ಕೊನೆಗಿಟ್ಟು, ಮೊದಲು ಸಾವುಗಳನ್ನು ವಿಂಗಡಿಸಿ. ಎರಡು ಗಂಟೆ ಸಮಯ, ಒಂದು ಚಾರ್ಟ್ ಹಾಳೆ, ಫ್ರಾನ್ಸಿನ ಭೂಪಟ, ಎರಡು ಬಣ್ಣದ ಪೆನ್ನು ಸಾಕು.

ಮೂರು ಕಾಲಂ ಎಳೆಯಿರಿ. ಗುಂಪು ಕೊಂದದ್ದು, ಕೋರ್ಟು ಕೊಂದದ್ದು, ಅಂತರ್ಯುದ್ಧದಲ್ಲಿ ಸೈನ್ಯ ಕೊಂದದ್ದು. 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಜೈಲುಗಳಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಸತ್ತದ್ದು ಮೊದಲನೆಯದಕ್ಕೆ. 1793ರ ಮಾರ್ಚಿನಲ್ಲಿ ಹುಟ್ಟಿದ ಕ್ರಾಂತಿಕಾರಿ ನ್ಯಾಯಮಂಡಳಿಯ ತೀರ್ಪುಗಳು ಎರಡನೆಯದಕ್ಕೆ. ನಾಂತ್‌ನಲ್ಲಿ ಸರಕಾರದ ಪ್ರತಿನಿಧಿ ಕ್ಯಾರಿಯೇ ಕೈದಿಗಳನ್ನು ದೋಣಿಗೆ ತುಂಬಿಸಿ ಲುವಾರ್ ನದಿಯಲ್ಲಿ ಮುಳುಗಿಸಿದ್ದನ್ನು ಹೆಚ್ಚಿನವರು ಎರಡನೆಯದರಲ್ಲಿ ಬರೆಯುತ್ತಾರೆ. ವಿಚಾರಣೆಯೇ ಇರಲಿಲ್ಲ, ಅದು ಮೂರನೆಯದು.

ವಿಂಗಡಣೆ ತಲೆಗೆ ಹತ್ತದಿದ್ದರೆ ನಮ್ಮದೇ ಕಾಸರಗೋಡು ಜಿಲ್ಲೆಯ ಕಯ್ಯೂರಿನಲ್ಲಿ ಅಭ್ಯಾಸ ಮಾಡಿಸಿ. 1941ರ ಮಾರ್ಚ್ 28ರಂದು ಅಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕಿಬಿದ್ದ ಪೊಲೀಸನೊಬ್ಬ ಹೊಳೆಗೆ ಹಾರಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ಆ ಸಾವಿಗಾಗಿ ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಒಂದೇ ಪ್ರಕರಣ, ಆದರೆ ಎರಡು ಕಾಲಂ, ಎರಡು ಬೇರೆ ಬೇರೆ ಕಾರಣ. ಕಾಲು ಗಂಟೆಗಿಂತ ಹೆಚ್ಚು ಕೊಡಬೇಡಿ. ಇಲ್ಲಿ ಎಲ್ಲರಿಗೂ ಆ ಕಥೆ ಗೊತ್ತು, ಎಲ್ಲರಿಗೂ ಹೇಳಲಿಕ್ಕಿದೆ, ಫ್ರಾನ್ಸ್ ಉಳಿದೇ ಹೋಗುತ್ತದೆ.

ತಾರೀಕುಗಳನ್ನು ಸಾಲಾಗಿ ಬರೆಯಿರಿ, ಯುದ್ಧದ್ದು ಒಂದು ಬಣ್ಣದಲ್ಲಿ, ಕೊಲೆಯದು ಇನ್ನೊಂದರಲ್ಲಿ. ವರ್ಷ ಮಾತ್ರ ಹಾಕಿದರೆ ಏನೂ ಕಾಣದು, ದಿನ ಬೇಕು. 1792ರ ಆಗಸ್ಟ್ 23ರಂದು ಗಡಿಯ ಲಾಂಗ್ವಿ ಕೋಟೆ, ದಂಡೆತ್ತಿ ಬಂದ ಪ್ರಷ್ಯನ್ನರ (ಜರ್ಮನ್ ರಾಜ್ಯವೊಂದರವರು) ಕೈಸೇರಿತು. ಪ್ಯಾರಿಸ್ ದಾರಿಯ ಇನ್ನೊಂದು ಕೋಟೆ ವೆರ್ದೂನ್ ಬೀಳಲಿದೆ ಎಂಬ ಸುದ್ದಿ ಸೆಪ್ಟೆಂಬರ್ 2ರಂದು ಪ್ಯಾರಿಸ್ ತಲುಪಿತು. ಗಂಡಸರು ಗಡಿಗೆ ಹೊರಟು ನಿಂತಿದ್ದರು. ‘ನಾವು ಅತ್ತ ಹೋದರೆ ಇತ್ತ ಜೈಲಿನೊಳಗಿನ ದ್ರೋಹಿಗಳು ಹೊರಬಂದು ನಮ್ಮ ಮನೆಯವರನ್ನು ಕೊಲ್ಲುತ್ತಾರೆ’ ಎಂಬ ವದಂತಿ ಹಬ್ಬಿತ್ತು. ಅದೇ ಮಧ್ಯಾಹ್ನ ಕೊಲೆ ಶುರು. ಸತ್ತವರಲ್ಲಿ ಹೆಚ್ಚಿನವರು ರಾಜಕೀಯದ ಗಂಧಗಾಳಿಯಿಲ್ಲದ ಸಾಮಾನ್ಯ ಕೈದಿಗಳು. ಶತ್ರು ಗಡಿಯಲ್ಲಿದ್ದಾನೆ ಎಂಬುದಕ್ಕಿಂತ ಬೆನ್ನ ಹಿಂದೆ ಇದ್ದಾನೆ ಎಂಬ ಹೆದರಿಕೆ ಇಲ್ಲಿ ಕೆಲಸ ಮಾಡಿದೆ. ಈ ಒಂದು ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ನಷ್ಟವಿಲ್ಲ.

ಭೂಪಟ ತೆರೆಯಿರಿ. ತೀರ್ಪಿನ ಮೇಲೆ ಆದ ಮರಣದಂಡನೆಗಳನ್ನು ಇತಿಹಾಸಕಾರ ಡೊನಾಲ್ಡ್ ಗ್ರೀರ್ 1935ರಲ್ಲಿ ಲೆಕ್ಕ ಹಾಕಿದ್ದು ಸುಮಾರು 17,000. ಪ್ಯಾರಿಸ್ಸಿನ ಪಾಲು ಸುಮಾರು 2,600 ಮಾತ್ರ. ಅರ್ಧಕ್ಕಿಂತ ಹೆಚ್ಚು ದಂಗೆಯೆದ್ದ ಪಶ್ಚಿಮದಲ್ಲಿ, ವಾಂದೇ ಪ್ರಾಂತ್ಯದ ಸುತ್ತ. ಶ್ರೀಮಂತ ಕುಲದವರು ನೂರಕ್ಕೆ ಹತ್ತರೊಳಗೆ. ಈ 17,000ವನ್ನು ಒಟ್ಟು ಸಾವು ಎಂದು ಬರೆಯುವುದು ಸಾಮಾನ್ಯ ತಪ್ಪು. ಜೈಲಿನಲ್ಲಿ ಸತ್ತವರು, ವಿಚಾರಣೆಯಿಲ್ಲದೆ ಸತ್ತವರು ಅದರಲ್ಲಿಲ್ಲ. ವಾಂದೇ ಯುದ್ಧವನ್ನು ಸೇರಿಸಿದರೆ ಸಂಖ್ಯೆ ಲಕ್ಷ ದಾಟುತ್ತದೆ.

ವಾಂದೇ ಯಾಕೆ ಎಂದು ಕೇಳುತ್ತಾರೆ. ಪಾದ್ರಿಗಳಿಂದ ಸರಕಾರಕ್ಕೆ ಪ್ರಮಾಣ ಮಾಡಿಸಲು ಹೋಗಿ ಊರಿನ ಸಿಟ್ಟು ಮೊದಲೇ ಕಟ್ಟಿಕೊಂಡಾಗಿತ್ತು. 1793ರ ಫೆಬ್ರವರಿಯಲ್ಲಿ 3 ಲಕ್ಷ ಜನರನ್ನು ಸೈನ್ಯಕ್ಕೆ ಸೇರಿಸುವ ಆಜ್ಞೆ ಬಂತು, ಅಧಿಕಾರದಲ್ಲಿದ್ದವರಿಗೆ ವಿನಾಯಿತಿ. ಮಾರ್ಚಿನಲ್ಲಿ ದಂಗೆ ಸಿಡಿಯಿತು.

ಈಗ ಕಾರಣಗಳನ್ನು ಹಾಳೆಯ ಮೇಲೆ ಪರೀಕ್ಷಿಸಿ. ‘ಇದೇ ಕಾರಣವಾದರೆ ಸಾವು ಯಾವಾಗ, ಎಲ್ಲಿ ಹೆಚ್ಚಬೇಕಿತ್ತು?’ ಎಂದು ಕೇಳಿ.

ಹಸಿವು: ಪ್ಯಾರಿಸ್ಸಿನಲ್ಲಿ ನಾಲ್ಕು ಪೌಂಡಿನ ಬ್ರೆಡ್ಡಿನ ಬೆಲೆ 14.5 ಸೂಗೆ (ಆಗಿನ ಫ್ರೆಂಚ್ ನಾಣ್ಯ) ಏರಿದ್ದು 1789ರ ಫೆಬ್ರವರಿಯಲ್ಲಿ, ದೊಡ್ಡ ಕೊಲೆಗಳಿಗೆ ವರ್ಷಗಳ ಮುಂಚೆ. ಹಸಿವು ಗಲಭೆಯನ್ನು ವಿವರಿಸುತ್ತದೆ, ನ್ಯಾಯಮಂಡಳಿಯನ್ನಲ್ಲ.

ರೋಬ್ಸ್‌ಪಿಯರ್: ಆಗ ದೇಶ ನಡೆಸುತ್ತಿದ್ದ ಸಾರ್ವಜನಿಕ ರಕ್ಷಣಾ ಸಮಿತಿ ಸೇರಿದ್ದು 1793ರ ಜುಲೈ 27ಕ್ಕೆ. ಜೈಲು ಹತ್ಯೆ, ವಾಂದೇ ದಂಗೆ ಎರಡೂ ಅದಕ್ಕೆ ಮುಂಚಿನವು.

ಯುದ್ಧ: ಇಲ್ಲಿ ಜಗಳ ಆಗಲಿ, ಬಿಡಿ. 1794ರ ಜೂನ್ 26ರಂದು ಫ್ಲೂರಸ್‌ನಲ್ಲಿ ಫ್ರಾನ್ಸ್ ಗೆದ್ದಿತು, ಅಪಾಯ ಕಡಿಮೆಯಾಯಿತು. ಆದರೂ ಪ್ಯಾರಿಸ್ಸಿನಲ್ಲಿ ತಲೆಗಳು ಅತಿ ವೇಗವಾಗಿ ಉರುಳಿದ್ದು ಅದೇ ಜೂನ್-ಜುಲೈಯಲ್ಲಿ. ಜೂನ್ 10ರ ಕಾನೂನು ಆರೋಪಿಗೆ ವಕೀಲನನ್ನು ಇಲ್ಲದಂತೆ ಮಾಡಿತ್ತು. ತೀರ್ಪು ಎರಡೇ, ಬಿಡುಗಡೆ ಅಥವಾ ಸಾವು. ಯುದ್ಧಕ್ಕೆಂದು ಕಟ್ಟಿದ ಯಂತ್ರ ಯುದ್ಧದ ಹಂಗಿಲ್ಲದೆ ಓಡತೊಡಗಿತ್ತು ಎಂಬ ವಾದಕ್ಕೆ ಇದೇ ಆಧಾರ. ಆದರೆ ಮೇ ತಿಂಗಳಲ್ಲಿ ಪ್ರಾಂತ್ಯಗಳ ಬಹುತೇಕ ನ್ಯಾಯಮಂಡಳಿಗಳನ್ನು ಮುಚ್ಚಿ ಕೇಸುಗಳನ್ನು ಪ್ಯಾರಿಸ್ಸಿಗೆ ತಂದಿದ್ದರು ಎಂಬುದನ್ನು ಮರೆತರೆ ಆ ಏರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ ಪ್ರತಿ ಕಾಲಮಿನ ಕೆಳಗೆ ಅದರದೇ ಕಾರಣವನ್ನು ಎರಡು ವಾಕ್ಯದಲ್ಲಿ ಬರೆಸಿ, ಮೂರನ್ನೂ ಕೂಡಿಸಲು ಬಿಡಬೇಡಿ. ವಾಂದೇಯದು ನರಮೇಧವೇ ಎಂಬ ಪ್ರಶ್ನೆ ಎದ್ದರೆ ಅದಕ್ಕೆ ಬೇರೆ ಭಾನುವಾರ ಇಡಿ. ಅರ್ಧ ಗಂಟೆಯಲ್ಲಿ ಮುಗಿಯುವ ವಿಷಯವಲ್ಲ.